ಬೆಟ್ಟ ಇಳಿದ ಕೇಕಿನ ಹಾಡು

ನಮ್ಮೂರಿನಲ್ಲಿ ದೆವ್ವಕ್ಕೆ ಹೆದರದ ಗಂಡಸರಿದ್ದರು, ಪೊಲೀಸರಿಗೆ ಹೆದರದ ಹೆಂಗಸರಿದ್ದರು. ಥಾಡಿಯ ಬ್ಯಾಂಜೊಗೆ ಹೆದರದವರು ಮಾತ್ರ ಯಾರೂ ಇರಲಿಲ್ಲ. ಅಂಗಡಿಯ ಹಿಟ್ಟಿನಲ್ಲಿ ಹುಳ ಕಂಡರೆ ಶನಿವಾರದ ಸಂತೆಯೊಳಗೆ ಅಂಗಡಿಯವನ ಹೆಸರಿನಲ್ಲಿ ಹಾಡು ಹುಟ್ಟಿರುತ್ತಿತ್ತು. ಯಾರ ಕೋಳಿ ಯಾರ ಮಡಕೆಗೆ ಹೋಯಿತು, ಚರ್ಚಿನ ಹಿರಿಯರು ಬೆಳಿಗ್ಗೆ ಬೆಳಿಗ್ಗೆ ಯಾರ ಹಿತ್ತಿಲಿನಿಂದ ಹೊರಬಂದರು, ಎಲ್ಲವೂ ಹೆಸರು ಸಮೇತ. ನಮ್ಮ ದ್ವೀಪದ ಮೆಂಟೊ ಹಾಡೆಂದರೆ ಅದೇ ತಾನೆ? ಬ್ಯಾಂಜೊ, ಗಿಟಾರು, ಬಿದಿರಿನ ಕೊಳಲು, ಕೂತುಕೊಂಡು ಕಬ್ಬಿಣದ ನಾಲಗೆಗಳನ್ನು ಮೀಟುವ ರುಂಬಾ ಪೆಟ್ಟಿಗೆ, ಇವುಗಳ ಜೊತೆಗೆ ಊರಿನವರ ಮಾನ. ಹಾಡಿಸಿಕೊಂಡವನು ನಾಲ್ಕು ದಿನ ಮುಖ ಊದಿಸಿಕೊಂಡಿದ್ದು ಐದನೆಯ ದಿನ ತಾನೇ ಆ ಹಾಡಿಗೆ ಸೊಂಟ ಕುಣಿಸುತ್ತಿದ್ದ. ಹಾಗೆ ಮರೆತು ಕುಣಿಯಲಾಗದೆ ಹೋದವಳು ಒಬ್ಬಳೇ, ಎರ್ಮಿನ್. ಅವಳ ಮೇಲಿನ ಹಾಡು ಅವಳಿಗಿಂತ ಹೆಚ್ಚು ದಿನ ಬದುಕುತ್ತದೆ ಎಂದು ಈಗ ನನಗೆ ಖಾತ್ರಿಯಾಗಿದೆ. ಹೋದ ತಿಂಗಳು ಅವಳನ್ನು ಮಣ್ಣು ಮಾಡಿ ಬಂದೆವು. ಹಾಡು ಗುಂಡುಕಲ್ಲಿನ ಹಾಗೆ ಇದೆ.

ಅವಳ ಅಂಗಳಕ್ಕೂ ನಮ್ಮ ಅಂಗಳಕ್ಕೂ ನಡುವೆ ಒಂದು ದಾಸವಾಳದ ಬೇಲಿ. ಅವಳು ಮದುವೆಯ ವಯಸ್ಸಿಗೆ ಬಂದಾಗ ನಾನಿನ್ನೂ ಮೊಣಕಾಲು ತರಚಿಕೊಂಡು ಓಡಾಡುವ ಹುಡುಗಿ. ಎತ್ತರದ ಹೆಣ್ಣು, ಮಾತು ಕಡಿಮೆ, ಕೈ ತುಂಬ ಕೆಲಸ. ತೆಂಗಿನಕಾಯಿ ತುರಿದು, ಹಾಲು ಹಿಂಡಿ, ಕುದಿಸಿ ಅವಳು ತೆಗೆಯುತ್ತಿದ್ದ ಎಣ್ಣೆಯ ವಾಸನೆಗೆ ನಮ್ಮ ಬೀದಿಗೇ ಹಸಿವಾಗುತ್ತಿತ್ತು. ಹೊಳೆಯಾಚೆಯ ಲೆಮ್ಯುಯೆಲ್ ಬಾಳೆಗೊನೆ ಕಡಿಯುವವನು. ನಾವೆಲ್ಲ ಲೆಮ್ ಎನ್ನುತ್ತಿದ್ದೆವು. ಎಣ್ಣೆ ಕೊಳ್ಳುವ ನೆಪದಲ್ಲಿ ಹೊಳೆ ದಾಟಿ ಬರುತ್ತಿದ್ದ. ಅವನು ಕೊಂಡ ಎಣ್ಣೆಯನ್ನೆಲ್ಲ ತಲೆಗೆ ಹಚ್ಚಿದ್ದರೆ ಅವನ ಕೂದಲು ಜಾರಿ ಕಡಲಿಗೆ ಬೀಳಬೇಕಿತ್ತು ಎಂದು ನನ್ನ ಅಜ್ಜಿ ಗೇಲಿ ಮಾಡುತ್ತಿದ್ದಳು.

ಅವರಿಬ್ಬರ ಮದುವೆ ಬುಧವಾರ. ಹಿಂದಿನ ದಿನ ಕೇಕುಗಳನ್ನು ಮೆರವಣಿಗೆಯಲ್ಲಿ ಹೊತ್ತು ತಂದೆವು. ಬೆಟ್ಟದ ಬುಡದಲ್ಲಿ ಮಿಸ್ ಆಡಿನಾಳ ಮನೆಯ ಒಲೆಯಲ್ಲಿ ಬೆಂದ, ರಮ್ಮಿನಲ್ಲಿ ನೆನೆದ ಕಪ್ಪು ಕೇಕುಗಳು. ಬಿಳಿ ಬಟ್ಟೆ ಉಟ್ಟ ಹೆಂಗಸರು ಸಾಲಾಗಿ, ತಲೆಯ ಮೇಲೆ ಬಿಳಿ ಪರದೆ ಹೊದಿಸಿದ ಕೇಕು, ದಾರಿಯುದ್ದಕ್ಕೂ ತುಟಿ ಬಿಚ್ಚಬಾರದು. ಸಾಲಿನ ಕೊನೆಯಲ್ಲಿ ಎಲ್ಲಕ್ಕಿಂತ ಚಿಕ್ಕ ಕೇಕು ಹೊತ್ತವಳು ನಾನು. ಮೂಗಿನ ಮೇಲೆ ನೊಣ ಕೂತರೂ ಓಡಿಸದೆ ಬೆಟ್ಟ ಹತ್ತಿದೆ. ಎರ್ಮಿನ್‌ಳ ಅಂಗಳದಲ್ಲಿ ಬಿದಿರು ನೆಟ್ಟು ತೆಂಗಿನ ಗರಿ ಹೊದಿಸಿದ ಚಪ್ಪರ. ಒಳಗೆ ಮೇಕೆ ಸಾರು ಕುದಿಯುತ್ತಿತ್ತು. ಅದೇ ದಿನ ಲೆಮ್ ದರ್ಜಿಯ ಹತ್ತಿರ ತನ್ನ ಸೂಟು ತರಲು ಬಂದರು ಪಟ್ಟಣ ಪೋರ್ಟ್ ಆಂಟೋನಿಯೊಗೆ ಹೋಗಿದ್ದ.

ರಾತ್ರಿ ಮೇಲಿನ ಬೆಟ್ಟಗಳಲ್ಲಿ ಮಳೆ ಸುರಿದು ಬೆಳಗಾಗುವಷ್ಟರಲ್ಲಿ ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಚರ್ಚಿನಲ್ಲಿ ಕಾದೆವು. ಪಾದ್ರಿ ಗಡಿಯಾರ ನೋಡಿದರು, ಆಮೇಲೆ ನೋಡುವುದನ್ನೇ ಬಿಟ್ಟರು. ಸಂಜೆಯ ಹೊತ್ತಿಗೆ ಬಾಳೆ ಲಾರಿಯ ಡ್ರೈವರ್ ಬಂದವನು, ಹ್ಯಾಟು ತೆಗೆಯದೆಯೇ ಸುದ್ದಿ ಉದುರಿಸಿದ.

"ಲೆಮ್ಮಾ? ನಿನ್ನೆ ಬಂದರಿನ ಹತ್ರ ನೋಡಿದ್ನಲ್ಲ. ಕೈಯಲ್ಲಿ ಸೂಟ್‌ಕೇಸು. ಇಂಗ್ಲೆಂಡಿನ ಹಡಗು ನಿಂತಿತ್ತು."

ಅಷ್ಟೇ ಸಾಕಾಯಿತು. ಆ ಕಾಲದಲ್ಲಿ ಇಂಗ್ಲೆಂಡಿನ ಹಡಗು ಗಂಡಸರನ್ನು ಗುಡಿಸಿಕೊಂಡು ಹೋಗುತ್ತಿತ್ತು. ಅದಕ್ಕೂ ಮುಂಚೆ ಕ್ಯೂಬಾ, ಅದಕ್ಕೂ ಮುಂಚೆ ಪನಾಮಾ. ಹೋದವರಲ್ಲಿ ಅರ್ಧ ಜನ ತಿರುಗಿ ನೋಡಲಿಲ್ಲ. ಸೂಟ್‌ಕೇಸಿನಲ್ಲಿ ಸೂಟು ಇರಬಹುದು ಎಂದು ಒಬ್ಬರಿಗೂ ಹೊಳೆಯಲಿಲ್ಲವಲ್ಲ ಎಂದು ಈಗಲೂ ನನ್ನ ಮೈ ಉರಿಯುತ್ತದೆ.

ಗುರುವಾರ ಮುದುಕಿಯರು ಸೇರಿ ತೀರ್ಮಾನ ಮಾಡಿದರು: ಕೇಕು ಕತ್ತರಿಸುವಂತಿಲ್ಲ, ಬಂದ ದಾರಿಯಲ್ಲೇ ವಾಪಸು ಹೋಗಬೇಕು. ಹೊತ್ತವರೇ ಹೊತ್ತುಕೊಂಡು ಇಳಿದೆವು. ಮದುವೆಗೆ ಬಾರಿಸಲು ಬಂದಿದ್ದ ಥಾಡಿ ಮತ್ತು ಅವನ ಜೊತೆಯವರೂ ನಮ್ಮ ಹಿಂದೆಯೇ ಇಳಿದರು. ಥಾಡಿಗೆ ಆಗ ಮೀಸೆ ಹೊಸದು, ಹೊಟ್ಟೆಯಲ್ಲಿ ಮದುವೆಯ ರಮ್ಮು. ದಾರಿಯ ಮೊದಲ ತಿರುವಿನಲ್ಲಿ ಬ್ಯಾಂಜೊ ಕುಟ್ಟಿದ, ಎರಡನೆಯದರಲ್ಲಿ ಸಾಲು ಸಿಕ್ಕಿತು:

ಕೇಕು ಬೆಟ್ಟ ಹತ್ತಿತ್ತು, ಕೇಕು ಬೆಟ್ಟ ಇಳೀತು,
ಲೆಮ್ಮು ಹಡಗು ಹತ್ತಿದ, ಅಯ್ಯೋ ಎರ್ಮಿನ್!

ಎಂಥ ರಾಗ ಅಂತೀರಿ! ತಲೆಯ ಮೇಲೆ ಕೇಕು ಹೊತ್ತಿದ್ದ ನಮ್ಮ ಕಾಲುಗಳೇ ತಾಳಕ್ಕೆ ಬಿದ್ದವು. ಮಿಸ್ ಆಡಿನಾ ಮುಂದಿನಿಂದ ಗದರಿದಳು, "ಥಾಡಿ, ನಿನ್ನ ಬಾಯಿಗೆ ಮಣ್ಣಾಕ, ಆ ಹುಡ್ಗಿಗೆ ಕೇಳ್ಸತ್ತೆ ಕಣೋ!" ಅಂದರೂ ಅವಳ ಸೊಂಟವೂ ಸುಮ್ಮನಿರಲಿಲ್ಲ. ಶನಿವಾರ ಹಾಡು ಸಂತೆಗೆ ಹೋಯಿತು. ಅಲ್ಲಿಂದ ಲಾರಿಗಳ ಮೇಲೆ ಕೂತು ಊರೂರು ಸುತ್ತಿತು. ಲೆಮ್‌ನ ತಾಯಿ ಹೊಳೆಯಾಚೆಯಿಂದ ಜನ ಕಳಿಸಿ, "ಹೊಳೇಲಿ ಒಂದ್ಸಲ ಹುಡುಕ್ರಪ್ಪ" ಎಂದು ಕೇಳಿಕೊಂಡಳಂತೆ. "ಹೊಳೇಲಿ ಯಾಕಮ್ಮ, ಲಂಡನ್ನಲ್ಲಿ ಹುಡುಕು" ಎಂದು ನಕ್ಕರು. ಹಾಡಿನಲ್ಲಿ ಹಡಗು ಹತ್ತಿದವನನ್ನು ಹೊಳೆಯಲ್ಲಿ ಹುಡುಕುವವರು ಯಾರು?

ವಾರಗಳು ಕಳೆದ ಮೇಲೆ ಹೊಳೆ ಕಡಲು ಸೇರುವ ಕಡೆ, ಕೊಚ್ಚಿಬಂದ ಮರಗಳ ಕೆಳಗೆ ಮೀನುಗಾರರಿಗೆ ಒಂದು ದೇಹ ಸಿಕ್ಕಿತು. ಮುಖ ಗುರುತಿಸುವ ಹಾಗಿರಲಿಲ್ಲ. ಬೆನ್ನಿಗೆ ಹಗ್ಗದಲ್ಲಿ ಬಿಗಿದ ಸೂಟ್‌ಕೇಸು, ಅದರೊಳಗೆ ಸೂಟು. ದರ್ಜಿ ಬಂದು ತನ್ನ ಹೊಲಿಗೆಯನ್ನು ಗುರುತಿಸಿದ. ಹೊತ್ತು ತರುವ ಸ್ಥಿತಿಯಲ್ಲಿಲ್ಲದ್ದರಿಂದ ಅಲ್ಲೇ ದಡದಲ್ಲಿ ಹೂಳಿದರು. ಎರ್ಮಿನ್ ಹೋಗಿ ಬಂದಳು. ಲೆಮ್ ಮದುವೆಯ ಹಿಂದಿನ ದಿನವೇ ವಾಪಸು ಹೊರಟು, ಕತ್ತಲಾದ ಮೇಲೆ ಹೊಳೆ ದಾಟಲು ಇಳಿದಿದ್ದನಂತೆ. ಅವಳ ಹೊಟ್ಟೆಯಲ್ಲಿ ಆಗ ಮೂರು ತಿಂಗಳ ಮಗು.

ಊರು ಅತ್ತಿತು, ಇಲ್ಲ ಎನ್ನುವುದಿಲ್ಲ. ಒಂದು ಭಾನುವಾರ ಅತ್ತಿತು. ಆಮೇಲೆ, "ಮುಖಾನೇ ಗೊತ್ತಾಗ್ದಿದ್ಮೇಲೆ ಅವ್ನೇ ಅಂತ ಹೆಂಗೆ ಹೇಳೋದು? ಸೂಟು ಮಾರ್ಕೊಂಡು ಟಿಕೀಟು ತಗೊಂಡಿರ್ಬೋದು" ಎನ್ನುವ ಬಾಯಿಗಳು ತೆರೆದವು. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ನಮ್ಮಲ್ಲಿ ಗಂಡ ಓಡಿಹೋದ ಹೆಂಗಸು ಓಡಿಹೋದ ಎಂದು ಹೇಳಿಕೊಳ್ಳುವುದಿಲ್ಲ. ಸತ್ತ ಎನ್ನುತ್ತಾಳೆ. ಕ್ಯೂಬಾದಲ್ಲಿ ಜ್ವರ ಬಂದು ಸತ್ತ, ಪನಾಮಾದಲ್ಲಿ ಮಣ್ಣು ಕುಸಿದು ಸತ್ತ. ಕೇಳಿದವರು "ಪಾಪ" ಎನ್ನುತ್ತಾರೆ, ಒಳಗೊಳಗೆ ಎಲ್ಲರಿಗೂ ಗೊತ್ತು. ಆ ಮಾತಿಗೆ ಮರ್ಯಾದೆ ಕೊಡುವುದೇ ನೆರೆಹೊರೆಯ ಧರ್ಮ. ಎರ್ಮಿನ್ "ಲೆಮ್ ಸತ್ತ" ಎಂದಾಗಲೂ ಊರು ಅದೇ ಮುಖ ಮಾಡಿ "ಪಾಪ" ಎಂದಿತು. ನಿಜ ಹೇಳಿದ ಒಬ್ಬಳೇ ಒಬ್ಬ ಹೆಂಗಸಿಗೆ ಸುಳ್ಳು ಹೇಳಿದವರಿಗೆ ಸಿಗುವ ಕನಿಕರ ಸಿಕ್ಕಿತು.

ಅವಳು ನೇರ ಥಾಡಿಯ ಮನೆಗೆ ಹೋದಳು. ನಾನೂ ಹಿಂದೆ ಬಾಲದ ಹಾಗೆ ಹೋಗಿದ್ದೆ. ಸಿಟ್ಟಿನಲ್ಲೂ ಅವಳು ಗಂಡಸರಿಗೆ ಕೊಡುವ ಗೌರವದ ‘ಮಾಸ್’ ಬಿಡಲಿಲ್ಲ.

"ಮಾಸ್ ಥಾಡಿ, ಆತ ನನ್ನ ಕಡೆಗೆ ಬರ್ತಾ ಇದ್ದ. ನೀನು ಆತನ್ನ ಹಡಗು ಹತ್ತಿಸ್ದೆ. ಈಗ ಇಳ್ಸು."

ಥಾಡಿ ಕೆಟ್ಟವನಲ್ಲ, ನಾಲಗೆ ಮಾತ್ರ ಅವನ ಮಾತು ಕೇಳುತ್ತಿರಲಿಲ್ಲ. ಅವಳ ಕಾಲು ಹಿಡಿಯಲು ಬಗ್ಗಿದ, ಅವಳು ಹಿಂದೆ ಸರಿದಳು. ಅಂದೇ ಕೂತು ಹೊಸ ಪದ್ಯ ಕಟ್ಟಿದ:

ಹಡಗು ಹತ್ತಲಿಲ್ಲ ಲೆಮ್ಮು, ಹೊಳೆಗೆ ಇಳಿದ ಲೆಮ್ಮು,
ನಿನ್ನ ಕಡೆಗೇ ಬರ್ತಿದ್ದ, ಅಯ್ಯೋ ಎರ್ಮಿನ್!

ಶನಿವಾರ ಸಂತೆಯಲ್ಲಿ ಹಾಡಿದ. ಅವಳು ಎಣ್ಣೆಯ ಸೀಸೆಗಳ ಹಿಂದೆ ನೆಟ್ಟಗೆ ಕೂತಿದ್ದಳು. ಮೊದಲ ಸಾಲು ಮುಗಿಯುವ ಮೊದಲೇ ಜನ ಗಲಾಟೆ ಎಬ್ಬಿಸಿದರು. "ಏ ಥಾಡಿ, ಸಾವಿನ ಮನೆ ಮಾಡ್ಬೇಡ ಕಣೋ! ಹಡಗಿನ್ದು ಹಾಡು, ಹಡಗಿನ್ದು!" ಥಾಡಿ ಮತ್ತೆ ಹೊಳೆಯದನ್ನೇ ಎತ್ತಿದ. ಅವರೇ ಹಡಗಿನದನ್ನು ಒಕ್ಕೊರಲಿನಿಂದ ಹಾಡಿ ಅವನ ದನಿ ಮುಳುಗಿಸಿದರು. ರುಂಬಾ ಪೆಟ್ಟಿಗೆಯವನೂ ಜನರ ಕಡೆಗೇ ವಾಲಿದ, ಅವನಿಗೂ ಹೊಟ್ಟೆಪಾಡು. ಆ ರಾಗಕ್ಕೆ ಅಳು ಕೂರುತ್ತಲೇ ಇರಲಿಲ್ಲ, ಅದು ಕುಣಿಯಲು ಹುಟ್ಟಿದ ರಾಗ. ಥಾಡಿ ಬ್ಯಾಂಜೊ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ನಡೆದ. ಅವಳಿಗೆ ಮಾತು ಕೊಟ್ಟ, ಆ ಹಾಡು ಇನ್ನು ತನ್ನ ಬಾಯಿಂದ ಬರುವುದಿಲ್ಲ ಎಂದು. ಮಾತಿಗೆ ತಪ್ಪಲಿಲ್ಲ. ಆದರೆ ಹಾಡು ಅವನ ಕೈಯಲ್ಲಿ ಎಲ್ಲಿತ್ತು? ಕಿಂಗ್‌ಸ್ಟನ್ನಿನ ಯಾರೋ ಅದನ್ನು ರೆಕಾರ್ಡು ಮಾಡಿದರು, ಹೋಟೆಲುಗಳಲ್ಲಿ ಹುಲ್ಲಿನ ಟೋಪಿಯವರು ಬಿಳಿಯರ ಮುಂದೆ ಹಾಡಿದರು. ಹಾಡು ಕಟ್ಟಿದವನೇ ಅದನ್ನು ಹಾಡುವುದಿಲ್ಲ ಎಂದು ಥಾಡಿಯನ್ನು ಯಾರೂ ಕರೆಯದಾದರು.

ಎರ್ಮಿನ್ ಮಾತ್ರ ಬಿಡಲಿಲ್ಲ. ಸಂತೆಯಲ್ಲಿ ಯಾರೇ ಆ ಹಾಡು ಗುನುಗಿದರೂ ಎದ್ದು ಹೋಗಿ ಅವರ ಎದುರು ನಿಲ್ಲುತ್ತಿದ್ದಳು. "ಆ ಮನುಷ್ಯ ಸತ್ತಿದಾನೆ. ಬರ್ತಾ ಇದ್ದ." ಅಷ್ಟೇ ಮಾತು. ಗುನುಗಿದವರು ತಬ್ಬಿಬ್ಬಾಗುತ್ತಿದ್ದರು, ಅವಳು ಬೆನ್ನು ತಿರುಗಿಸಿದ ಮೇಲೆ ನಗುತ್ತಿದ್ದರು. ಹುಚ್ಚಿ ಎಂದವರೂ ಇದ್ದರು. ಅವಳನ್ನು ಕೇಳಿಕೊಂಡು ಒಳ್ಳೆಯ ಗಂಡು ಬಂದಿತ್ತು. ಅವನೊಂದು ದಿನ ಬೇಲಿಯ ಹತ್ತಿರ ಶಿಳ್ಳೆಯಲ್ಲಿ ಆ ರಾಗ ನುಡಿಸಿದ, ಬಹುಶಃ ಅರಿವಿಲ್ಲದೆಯೇ. ಅವತ್ತೇ ಕೊನೆ, ಮತ್ತೆ ಅಂಗಳಕ್ಕೆ ಬಿಟ್ಟುಕೊಳ್ಳಲಿಲ್ಲ.

"ಅಷ್ಟಕ್ಕೆಲ್ಲ ಗಂಡನ್ನ ಓಡಿಸ್ತಾರೇನೇ?" ಎಂದು ನನ್ನ ಅಜ್ಜಿ ಬೈದಳು.

"ನಾನೂ ಸುಮ್ನಾದ್ರೆ ಆತನಿಗೆ ಇನ್ಯಾರಿದಾರೆ ಮಿಸ್ ಲೂ?" ಎಂದಳು ಎರ್ಮಿನ್.

ಇನ್ನು ಮಗಳ ವಿಷಯ. ಪರ್ಲೀನ್. ಅಪ್ಪನದೇ ಅಗಲ ಹಣೆ. ಮಾತಂತೂ ಅರಳು ಹುರಿದ ಹಾಗೆ, ಅದು ಯಾರದೋ ಗೊತ್ತಿಲ್ಲ. ಶಾಲೆಯಲ್ಲಿ ಮಕ್ಕಳು ಅವಳನ್ನು ಸುತ್ತುಗಟ್ಟಿ ಹಾಡುತ್ತಿದ್ದರು. ಅಳುತ್ತಾಳೆ ಎಂದುಕೊಂಡರೆ ಇವಳು ತಾನೂ ಸೇರಿಕೊಂಡು ಹಾಡುತ್ತಿದ್ದಳು! ನನಗೆ ಗೊತ್ತಾದದ್ದು ಬೇಲಿಯ ಬಳಿ ಅವಳು ಗೊಂಬೆಗೆ ಹೇಳುತ್ತಿದ್ದುದು ಕಿವಿಗೆ ಬಿದ್ದಾಗ. "ನಮ್ಮಪ್ಪ ಇಂಗ್ಲೆಂಡಲ್ಲಿದಾರೆ. ಎಲ್ರಿಗೂ ಗೊತ್ತು, ಹಾಡೇ ಇದೆ. ನಿಮ್ಮಪ್ಪಂದು ಇದೆಯಾ?"

ನಾನು ಕರೆದು ಕೇಳಿದೆ, "ಅಮ್ಮ ಹೇಳಿಲ್ವೇನೇ, ಅಪ್ಪ ತೀರ್ಕೊಂಡ್ರು ಅಂತ?"

"ಹೇಳಿದಾಳೆ. ಎಲ್ರಮ್ಮಂದಿರೂ ಹಂಗೇ ಹೇಳೋದಂತೆ, ನಾಚಿಕೆ ಆಗತ್ತಲ್ಲ ಅದಕ್ಕೆ," ಎಂದಳು ಆ ಒಂಬತ್ತು ವರ್ಷದ ಮುದುಕಿ. "ನೀವು ಹೇಳ್ಬೇಡಿ ಡಲ್ಸಿ ಆಂಟಿ, ಅಮ್ಮ ಬೇಜಾರ್ ಮಾಡ್ಕೋತಾಳೆ."

ಆ ವರ್ಷ ಶಾಲೆಯಲ್ಲಿ ಹಬ್ಬದ ಕಾರ್ಯಕ್ರಮಕ್ಕೆ ಊರಿನ ಹಳೆಯ ಹಾಡುಗಳನ್ನು ಹಾಡಿಸಬೇಕೆಂದು ಹೊಸ ಟೀಚರು ಹೊರಟರು. ಬೇರೆ ಜಿಲ್ಲೆಯಿಂದ ಬಂದವರು, ಅವರಿಗೇನು ಗೊತ್ತು? ಯಾರು ಯಾವ ಹಾಡು ಎಂದಾಗ ಪರ್ಲೀನ್ ಕೈ ಎತ್ತಿ ಆ ಹಾಡನ್ನೇ ಕೇಳಿ ಪಡೆದಳು. ಮನೆಗೆ ಬಂದು ಕುಣಿದಾಡುತ್ತಾ ಹೇಳಿದಳು. ಎರ್ಮಿನ್ ಕುದಿಯುವ ಎಣ್ಣೆಯನ್ನು ಒಲೆಯ ಮೇಲೇ ಬಿಟ್ಟು ನಮ್ಮ ಅಂಗಳಕ್ಕೆ ಬಂದಳು.

"ಡಲ್ಸಿ, ನಾಳೆ ನನ್ಜೊತೆ ಬಾ. ಮಗೂನ ಆತನ ಗುಂಡಿ ಹತ್ರ ಕರ್ಕೊಂಡ್ಹೋಗ್ತೀನಿ. ಕಣ್ಣಾರೆ ತೋರಿಸ್ತೀನಿ."

ಲಾರಿ ಹತ್ತಿ ಹೋದೆವು. ಹೊಳೆ ಕಡಲು ಸೇರುವ ಜಾಗ. ಎರ್ಮಿನ್ ಮರಳಿನಲ್ಲಿ ಅತ್ತ ಇತ್ತ ನಡೆದಳು, ನಿಂತಳು, ಮತ್ತೆ ನಡೆದಳು. ಹಿಂದಿನ ವರ್ಷದ ಬಿರುಗಾಳಿ ಗೋರಿಗೆ ನೆಟ್ಟಿದ್ದ ಶಿಲುಬೆಯನ್ನೂ ದಡದ ಅಂಚನ್ನೂ ಒಯ್ದಿತ್ತು. ಅಲ್ಲಿ ಬರೀ ಸಮುದ್ರ ದ್ರಾಕ್ಷಿಯ ಪೊದೆ, ಮರಳು. ತೋರಿಸಲು ಒಂದು ಗುಡ್ಡೆ ಮಣ್ಣೂ ಉಳಿದಿರಲಿಲ್ಲ. ಆದರೂ ಅವಳು ಮಗುವನ್ನು ಕರೆದು ಭುಜ ಹಿಡಿದು ನಿಲ್ಲಿಸಿದಳು. ಹೇಳಲು ಬಾಯಿ ತೆರೆದಳು.

ಮಗು ನೆಲ ನೋಡುತ್ತಿರಲಿಲ್ಲ. ದೂರದಲ್ಲಿ ಬಂದರಿನಿಂದ ಬಾಳೆಯ ಹಡಗೊಂದು ಹೊರಟಿತ್ತು, ಬಿಳಿಯದು. ಅವಳ ಮುಖ ಅರಳಿಹೋಯಿತು.

"ಇದನ್ನ ತೋರ್ಸೋಕಾ ಕರ್ಕೊಂಬಂದಿದ್ದು? ಅಪ್ಪ ಹತ್ತಿದ್ದು ಇಂಥದ್ದೇನಾ ಅಮ್ಮ?"

ಎರ್ಮಿನ್ ನನ್ನ ಮುಖ ನೋಡಿದಳು, ಮಗುವಿನ ಮುಖ ನೋಡಿದಳು. ನಾನು ಆ ಹೊತ್ತಿನಲ್ಲಿ ದೇವರಿಗೆ ಏನು ಬೇಡಿಕೊಂಡೆನೋ ನನಗೇ ಗೊತ್ತಿಲ್ಲ.

"ಹೂಂ ಕಣೇ," ಎಂದಳು. "ಇದಕ್ಕಿಂತ ದೊಡ್ಡದು."

"ನೀನು ನೋಡಿದ್ಯಾ?"

"ನೋಡ್ದೆ. ಕೈ ಬೀಸಿದ್ರು."

ಹಾಡಿನಲ್ಲಿಯೂ ಇಲ್ಲದ ಮಾತು ಅದು. ವರ್ಷಗಟ್ಟಲೆ ಯಾವ ಸುಳ್ಳಿನ ಬೆನ್ನಟ್ಟಿ ಹೊಡೆದಿದ್ದಳೋ ಅದಕ್ಕೆ ತಾನೇ ಒಂದು ಸಾಲು ಸೇರಿಸಿದಳು. ವಾಪಸು ಬರುವಾಗ ಲಾರಿಯಲ್ಲಿ ಮಗು ಅವಳ ತೊಡೆಯ ಮೇಲೆ ನಿದ್ದೆ ಹೋಯಿತು. ಅವಳು ನನಗೆ ಹೇಳಿದಳು, "ನಂಗೆ ಸತ್ತ ಗಂಡ ಸಾಕು ಡಲ್ಸಿ. ಅವಳಿಗೆ ಸತ್ತ ಅಪ್ಪ ಸಾಲಲ್ಲ. ದೊಡ್ಡೋಳಾಗ್ಲಿ, ಹೇಳ್ತೀನಿ. ಅಲ್ಲೀವರ್ಗೂ ನಿನ್ನ ಬಾಯಿ ಮುಚ್ಕೊಂಡಿರ್ಬೇಕು."

ಕಾರ್ಯಕ್ರಮಕ್ಕೆ ಟೀಚರು ಥಾಡಿಯನ್ನೇ ಬಾರಿಸಲು ಕರೆದಿದ್ದರು. ಯಾವ ಹಾಡು ಎಂದು ಅವನಿಗೆ ತಿಳಿದದ್ದು ಪರ್ಲೀನ್ ಕೆಂಪು ಚೌಕುಳಿಯ ಲಂಗ ತೊಟ್ಟು ಎದುರು ಬಂದು ನಿಂತಾಗ. ಬ್ಯಾಂಜೊ ಕೆಳಗಿಟ್ಟ. ಸಭೆ ಗುಜುಗುಜು ಎಂದಿತು. ಆಗ ಮುಂದಿನ ಸಾಲಿನಿಂದ ಎರ್ಮಿನ್‌ಳ ದನಿ ಬಂತು.

"ಬಾರ್ಸು ಮಾಸ್ ಥಾಡಿ. ಮಗು ಕಾಯ್ತಾ ಇದೆ."

"ಯಾವುದು?" ಎಂದ ಅವನು, ಬರೀ ತುಟಿಯಲ್ಲಿ.

"ಹಡಗಿಂದು."

ಪರ್ಲೀನ್ ಹಾಡಿದಳು. ಅವಳ ಕಂಠ, ಆ ರಾಗ, ಥಾಡಿಯ ಬೆರಳು! ಊರಿಗೆ ಊರೇ ಎದ್ದು ಕುಣಿಯಿತು. "ಅಯ್ಯೋ ಎರ್ಮಿನ್" ಎಂದು ಬಂದಾಗಲೆಲ್ಲ ಮಗು ತಾಯಿಯ ಕಡೆ ಕೈ ಚಾಚುತ್ತಿತ್ತು, ತಾಯಿ ಚಪ್ಪಾಳೆ ತಟ್ಟುತ್ತಿದ್ದಳು. ಥಾಡಿ ಅಳುತ್ತಲೇ ಬಾರಿಸಿದ. ಜನ ಅದನ್ನು ಬೆವರು ಎಂದುಕೊಂಡರು.

ದೊಡ್ಡವಳಾದ ಮೇಲೆ ಹೇಳುತ್ತೇನೆ ಎಂದಿದ್ದಳಲ್ಲ, ಹೇಳಲಾಗಲಿಲ್ಲ. ಹುಡುಗಿಗೆ ಪರೀಕ್ಷೆ ಇತ್ತು, ಮದುವೆ ಇತ್ತು, ಆಮೇಲೆ ಹೆರಿಗೆ ಇತ್ತು. ಪ್ರತಿ ಸಲ ಎರ್ಮಿನ್ ನನ್ನ ಹತ್ತಿರ ಬಂದು, "ಈ ಸಲ ಬೇಡ, ಸಂತೋಷವಾಗಿದಾಳೆ" ಎನ್ನುತ್ತಿದ್ದಳು. ಸಂತೆಯಲ್ಲಿ ಯಾರಾದರೂ ಆ ಹಾಡು ಹಾಡಿದರೆ ಈಗ ಎದ್ದು ಹೋಗುತ್ತಿರಲಿಲ್ಲ, ಸೀಸೆಗಳನ್ನು ಒರೆಸುತ್ತಾ ಕೂತಿರುತ್ತಿದ್ದಳು. ಥಾಡಿ ಸತ್ತ, ದರ್ಜಿ ಸತ್ತ, ಲೆಮ್‌ನ ತಾಯಿ ಎಂದೋ ಹೋಗಿದ್ದಳು. ಹೊಳೆಯ ಸುದ್ದಿ ಬಲ್ಲವರು ಒಬ್ಬೊಬ್ಬರೇ ಹೋಗಿ ಕೊನೆಗೆ ನಾವಿಬ್ಬರೇ ಉಳಿದೆವು. ಹೋದ ತಿಂಗಳು ನಾನೊಬ್ಬಳೇ.

ಮಣ್ಣು ಮಾಡಿ ಬಂದ ಮಧ್ಯಾಹ್ನ ಅಂಗಳದಲ್ಲಿ ಊಟ ಹಾಕಿಸಿದರು. ಮೇಕೆ ಸಾರು, ಅನ್ನ, ಸುಟ್ಟ ದೀವಿಹಲಸು. ಪರ್ಲೀನ್‌ಗೂ ಈಗ ಕೂದಲು ನರೆತಿದೆ. ಅವಳು ಬಫ್ ಬೇ ಪಟ್ಟಣದಿಂದ ಮೆಂಟೊ ಮೇಳವನ್ನು ಕರೆಸಿದ್ದಳು. ಅವರ ಹತ್ತಿರ ಹೋಗಿ ಹೇಳಿದಳು, "ಅಮ್ಮಂಗೆ ತುಂಬಾ ಇಷ್ಟವಾದ ಹಾಡೊಂದಿದೆ. ಕೇಕಿಂದು. ನಾನು ಚಿಕ್ಕೋಳಿದ್ದಾಗ ಹಾಡಿದ್ನಲ್ಲ, ಮುಂದಿನ ಸಾಲಲ್ಲಿ ಕೂತ್ಕೊಂಡು ಚಪ್ಪಾಳೆ ತಟ್ಟಿದ್ಲು. ಅದನ್ನ ಬಾರ್ಸಿ."

ನನ್ನ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟೆ. ಇನ್ನು ಯಾರಿಗಾಗಿ ಬಾಯಿ ಮುಚ್ಚಿಕೊಂಡಿರಲಿ? ಅವಳನ್ನು ಅಡುಗೆಮನೆಯ ಹಿಂದಕ್ಕೆ ಎಳೆದುಕೊಂಡು ಹೋದೆ.

"ನಿಮ್ಮಪ್ಪ ಹಡಗು ಹತ್ತಲಿಲ್ಲ ಕಣೇ ಪರ್ಲೀನ್. ಮದುವೆಗೆ ಬರ್ತಾ ಹೊಳೇಲಿ ಹೋದ. ಬೆನ್ನಿಗೆ ಸೂಟು ಕಟ್ಕೊಂಡಿದ್ದ. ನಿಮ್ಮಮ್ಮ ಆತನ್ನ ಹೂಳಿದ್ ಜಾಗಕ್ಕೇ ನಿನ್ನ ಕರ್ಕೊಂಡ್ ಹೋಗಿದ್ದು ಅವತ್ತು..." ಎಲ್ಲ ಹೇಳಿದೆ, ಒಂದನ್ನೂ ಬಿಡದೆ.

ಅವಳು ಕೊನೆಯವರೆಗೂ ಕೇಳಿದಳು. ಆಮೇಲೆ ನನ್ನ ಎರಡೂ ಕೈ ಹಿಡಿದುಕೊಂಡಳು, ಕಣ್ಣಲ್ಲಿ ನೀರಿತ್ತು, ನಗುವೂ ಇತ್ತು.

"ಡಲ್ಸಿ ಆಂಟಿ, ನೀವೆಂಥ ಒಳ್ಳೇರು. ಅಮ್ಮನ ಮರ್ಯಾದೆ ಇವತ್ತೂ ಕಾಯ್ತಾ ಇದೀರ. ನಮ್ಮತ್ತೇನೂ ಹಿಂಗೇ ಹೇಳೋರು, ಮಾವ ಕ್ಯೂಬಾದಲ್ಲಿ ತೀರ್ಕೊಂಡ್ರು ಅಂತ. ಆಮೇಲೆ ಅವ್ರ ಇನ್ನೊಂದು ಮನೆ ಮಕ್ಕಳೇ ಬಂದ್ರು."

"ಅಯ್ಯೋ ಹುಚ್ಚಿ, ಇದು ಆ ತರ ಅಲ್ವೇ. ಇದು ನಿಜ ಕಣೇ!"

"ಮೊದ್ಲು ಅಮ್ಮನೂ ಸತ್ರು ಅಂತಾನೇ ಹೇಳ್ತಿದ್ಲು. ಆಮೇಲೆ ದಡದಲ್ಲಿ ನಿಂತ್ಕೊಂಡು ಅವಳೇ ಒಪ್ಕೊಂಡ್ಲು, ಹಡಗು ನೋಡಿದ್ದು, ಆತ ಕೈ ಬೀಸಿದ್ದು ಎಲ್ಲಾ. ಅವತ್ತಿಂದ ನನ್ಹತ್ರ ಒಂದು ಸುಳ್ಳೂ ಹೇಳಿದೋಳಲ್ಲ." ಅವಳು ಕಪ್ಪು ಲಂಗದ ಅಂಚಿನಿಂದ ನನ್ನ ಕೆನ್ನೆ ಒರೆಸಿದಳು. "ಇಷ್ಟ್ ವರ್ಷ ಆತನ ಮೇಲೆ ಎಷ್ಟು ಸಿಟ್ಟಿಟ್ಕೊಂಡಿದ್ದೆ ಗೊತ್ತಾ? ಒಂದು ಕಾಗ್ದ ಹಾಕ್ಲಿಲ್ಲ ಪುಣ್ಯಾತ್ಮ. ಇವತ್ತು ಬೆಳಿಗ್ಗೆ ಅಮ್ಮನ್ನ ಗುಂಡೀಲಿ ಇಳಿಸ್ಬೇಕಾದ್ರೆ ಆತನ್ನ ಕ್ಷಮಿಸ್ಬಿಟ್ಟೆ. ಹೋಗ್ಲಿ ಬಿಡಿ."

ಆಚೆ ಬ್ಯಾಂಜೊ ಶುರುವಾಗಿತ್ತು. ಮಕ್ಕಳು ಮೊಮ್ಮಕ್ಕಳೆಲ್ಲ ಕುಣಿಯಲು ಎದ್ದರು. ನಾನು ಅಲ್ಲೇ ಸೌದೆಯ ಮೇಲೆ ಕುಸಿದು ಕೂತು ಗೊಳೋ ಎಂದು ಅತ್ತೆ. ಅಮ್ಮನಿಗಾಗಿ ಅಳುತ್ತಿದ್ದೇನೆ ಎಂದುಕೊಂಡು ಪರ್ಲೀನ್ ನನ್ನ ಬೆನ್ನು ಸವರಿದಳು. ನಾನು ಅತ್ತದ್ದು ಲೆಮ್‌ಗಾಗಿ. ಅವನಿಗಾಗಿ ಅಳಲು ಬೇರೆ ಯಾರೂ ಉಳಿದಿರಲಿಲ್ಲ.